ಡ್ರಿಪ್ಪಿನ ಜೊತೆಗೆ ಒಂದು ಲೋಟ ಕಷಾಯ

ನನ್ನ ಎಡಗಾಲು ಈಗ ಮೊಣಕಾಲಿನಿಂದ ಒಂದು ಗೇಣು ಕೆಳಗೆ ಮುಗಿಯುತ್ತದೆ. ಅಲ್ಲಿಂದಾಚೆಗೆ ಇರುವುದು ಕೃತಕ ಕಾಲು. ಅದನ್ನು ಹಾಕಿಕೊಂಡೇ ಶಾಲೆಗೆ ಹೋಗುತ್ತೇನೆ, ಎಂಟನೇ ತರಗತಿಗೆ ಕನ್ನಡ ಪಾಠ ಮಾಡುತ್ತೇನೆ. ಹೊಸದಾಗಿ ಪರಿಚಯವಾದವರು "ಶುಗರಾ ಟೀಚರ್?" ಎಂದು ಕೇಳುತ್ತಾರೆ. ಕಾಲು ಹೋಯಿತೆಂದರೆ ಸಕ್ಕರೆ ಕಾಯಿಲೆಯೇ ಇರಬೇಕು ಎಂದು ನಮ್ಮಲ್ಲಿ ಎಲ್ಲರ ಎಣಿಕೆ. "ಅಲ್ಲ, ಇನ್‌ಫೆಕ್ಷನ್" ಎನ್ನುತ್ತೇನೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಮುಂದಿನದನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೇಳದೆ ಉಳಿದರೆ ಏನಾಗುತ್ತದೆ ಎಂಬುದನ್ನು ನಾನೂ ನನ್ನ ತಾಯಿಯೂ ಕಲಿತಾಗಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಜೆಪ್ಪುವಿನ ನಮ್ಮ ಮನೆಯಲ್ಲಿ ಇರುವುದು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ. ಮಾಂಯ್, ಅಂದರೆ ನನ್ನ ತಾಯಿ, ನರ್ಸ್ ಆಗಿದ್ದವಳು. ಮೊದಲು ಕುವೈತಿನಲ್ಲಿ, ಆಮೇಲೆ ಇಲ್ಲಿಯದೇ ಒಂದು ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ. ನಿವೃತ್ತಳಾಗಿ ವರ್ಷಗಳು ಕಳೆದರೂ ಅವಳ ಕೈ ತೊಳೆಯುವ ರೀತಿ ಬದಲಾಗಿಲ್ಲ. ಮೊಣಕೈವರೆಗೆ ಸೋಪು ಹಚ್ಚಿ, ಬೆರಳುಗಳ ಸಂದುಗಳನ್ನೆಲ್ಲ ಉಜ್ಜಿ, ಕೈ ಮೇಲೆತ್ತಿ ಹಿಡಿದು ನೀರು ಬಿಡುತ್ತಾಳೆ. ಮನೆಮದ್ದು ಎಂದರೆ ಅವಳಿಗೆ ಸಿಟ್ಟು. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ಪಕ್ಕದ ಮನೆಯವರು ಕಷಾಯ ತಂದುಕೊಟ್ಟರೆ ನಗುನಗುತ್ತಾ ತೆಗೆದುಕೊಂಡು, ಅವರು ಗೇಟು ದಾಟುತ್ತಲೇ ಬಚ್ಚಲಿಗೆ ಸುರಿಯುತ್ತಿದ್ದಳು. ನಾವು ಮನೆಯಲ್ಲಿ ಆಡುವುದು ಕೊಂಕಣಿ. ಇಲ್ಲಿ ಅವಳ ಮಾತುಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಎಲ್ಲ ಶುರುವಾದದ್ದು ಪಂಪ್‌ವೆಲ್ ಬಸ್ ಸ್ಟಾಪಿನಲ್ಲಿ. ಶಾಲೆಯಿಂದ ಬರುತ್ತಾ ಬಸ್ಸಿನಿಂದ ಇಳಿದೆ. ಎಡಗಡೆಯಿಂದ ನುಗ್ಗಿ ಬಂದ ಬೈಕೊಂದು ಕಾಲಿಗೆ ಬಡಿಯಿತು. ಮೊಣಕಾಲಿನ ಕೆಳಗಿನ ಮೂಳೆ ಮುರಿದು ಚರ್ಮ ಸೀಳಿ ಹೊರಗೆ ಬಂದಿತ್ತು. ರಸ್ತೆಯ ಮಣ್ಣು, ಎಣ್ಣೆ ಎಲ್ಲ ಗಾಯದೊಳಗೆ. ಆಪರೇಷನ್ ಮಾಡಿ ಲೋಹದ ಪಟ್ಟಿ ಕೂರಿಸಿದರು. ಹತ್ತನೆಯ ದಿನ ಮನೆಗೆ ಬಂದೆ. ಎರಡು ತಿಂಗಳಲ್ಲಿ ಶಾಲೆಗೆ ಹೋಗಬಹುದು ಎಂದಿದ್ದರು. ನಾನು ಹಾಸಿಗೆಯಲ್ಲೇ ಕುಳಿತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

ಮೂರನೆಯ ವಾರ ಮಾಂಯ್ ಗಾಯದ ಬಟ್ಟೆ ಬಿಚ್ಚುತ್ತಿದ್ದವಳು ಅರ್ಧಕ್ಕೆ ಕೈ ನಿಲ್ಲಿಸಿದಳು. ಬಗ್ಗಿ ಮೂಸಿದಳು.

"ಎಂತ ಮಾಂಯ್?"

"ಏನಿಲ್ಲ. ನಿನಗೆ ವಾಸನೆ ಬರ್ತದಾ?"

ನನಗೂ ಬಂತು. ಕೆಟ್ಟ ವಾಸನೆ ಎನ್ನುವ ಹಾಗಿರಲಿಲ್ಲ. ಹಳಸಿದ ದ್ರಾಕ್ಷಿಯ ಹಾಗೆ ಸಿಹಿ ಸಿಹಿಯಾಗಿತ್ತು. ಬಿಳಿ ಬಟ್ಟೆಯ ನಡುವೆ ಹಸಿರು ಕಲೆ ಇತ್ತು. ಮಾಂಯ್ ಆ ಬಟ್ಟೆಯನ್ನು ನನಗೆ ಕಾಣದ ಹಾಗೆ ಮಡಚಿದಳು. ಮೂವತ್ತು ವರ್ಷ ಸರ್ಜಿಕಲ್ ವಾರ್ಡಿನಲ್ಲಿದ್ದವಳಿಗೆ ಅದು ಯಾವ ಕ್ರಿಮಿ ಎಂದು ಆಗಲೇ ಗೊತ್ತಾಗಿತ್ತು. ಹೇಳಲಿಲ್ಲ. "ಬಟ್ಟೆ ಹಾಕ್ಕೊ, ಆಸ್ಪತ್ರೆಗೆ ಹೋಗುವ" ಎಂದಳು, ಅಷ್ಟೆ.

ಕೀವನ್ನು ಪರೀಕ್ಷೆಗೆ ಕಳಿಸಿದರು. ಅದರ ವರದಿ ಬರಲು ಮೂರು ದಿನ. ಆ ಮೂರು ದಿನ ನನಗೆ ಜ್ವರ. ವರದಿ ಬಂದ ದಿನ ನಾವು ಹೊರರೋಗಿಗಳ ವಿಭಾಗದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತೆವು. ಸಾಲಿನಲ್ಲಿ ಕುಳಿತವರು ಯಾರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಗೋಡೆಯ ಮೇಲಿನ ಟೋಕನ್ ನಂಬರಿನ ಮೇಲೆ. ನನ್ನ ಪಕ್ಕದಲ್ಲಿ ಒಬ್ಬ ಮುದುಕರು ಮೌನವಾಗಿ ಜಪಮಣಿ ಎಣಿಸುತ್ತಿದ್ದರು. ನನ್ನ ನಂಬರ್ ಬಂದಾಗ ಅವರು ಎದ್ದು ನಿಂತು ನನ್ನ ವೀಲ್‌ಚೇರಿನ ಬ್ರೇಕ್ ಬಿಡಿಸಿಕೊಟ್ಟರು. ಆ ಇಡೀ ದಿನದಲ್ಲಿ ಒಳ್ಳೆಯದೆಂದು ನೆನಪಿರುವುದು ಅದೊಂದೇ.

ನನ್ನನ್ನು ನೋಡಿಕೊಂಡದ್ದು ಸೋಂಕು ರೋಗಗಳ ತಜ್ಞೆ ಡಾಕ್ಟರ್ ಶ್ರೀಲತಾ. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ವರದಿಯ ಹಾಳೆಯನ್ನು ಮೇಜಿನ ಮೇಲೆ ನಮ್ಮ ಕಡೆಗೆ ತಿರುಗಿಸಿ ಇಟ್ಟರು. ಎಡಗಡೆ ಆ್ಯಂಟಿಬಯೋಟಿಕ್‌ಗಳ ಹೆಸರು, ಬಲಗಡೆ ಒಂದೊಂದು ಅಕ್ಷರ. ಕ್ರಿಮಿಗೆ ಮದ್ದು ನಾಟುವುದಿಲ್ಲವೆಂದರೆ ಆರ್, ನಾಟುತ್ತದೆಂದರೆ ಎಸ್. ಮೇಲಿನಿಂದ ಕೆಳಗಿನವರೆಗೆ ಆರ್, ಆರ್, ಆರ್. ಕೊನೆಯ ಸಾಲಿನಲ್ಲಿ ಮಾತ್ರ ಒಂದು ಎಸ್.

"ಒಂದು ಮದ್ದು ಉಂಟು," ಎಂದರು ಡಾಕ್ಟರ್. "ಹಳೇ ಮದ್ದು. ಕಿಡ್ನಿಗೆ ಸ್ವಲ್ಪ ಕಷ್ಟ ಕೊಡ್ತದೆ. ಅಡ್ಮಿಟ್ ಆಗ್ಬೇಕು. ಎರಡು ದಿನಕ್ಕೊಮ್ಮೆ ರಕ್ತ ಟೆಸ್ಟ್ ಮಾಡಿಕೊಂಡು ಡೋಸ್ ನೋಡ್ತೇವೆ."

"ಅದು ಹಿಡಿಯದಿದ್ರೆ?" ಎಂದು ಕೇಳಿದೆ.

ಡಾಕ್ಟರ್ ಮಾಂಯ್‌ಯ ಮುಖ ನೋಡಿದರು. ಮಾಂಯ್ ನೆಲ ನೋಡುತ್ತಿದ್ದಳು. "ಈಗ ಅದರ ಯೋಚನೆ ಬೇಡ ಟೀಚರ್," ಎಂದರು.

ಲೋಹದ ಪಟ್ಟಿಯನ್ನು ತೆಗೆದು, ಕಾಲಿನ ಹೊರಗಿನಿಂದ ಕಂಬಿಗಳನ್ನು ಹಾಕಿದರು. ಡ್ರಿಪ್ಪಿನಲ್ಲಿ ಮದ್ದು ಹೋಗತೊಡಗಿತು. ಒಂದು ವಾರ ಕಳೆಯಿತು. ಜ್ವರ ಇಳಿಯಲಿಲ್ಲ, ಹಸಿರು ಹೋಗಲಿಲ್ಲ. ಎಂಟನೆಯ ದಿನ ಮೂಳೆಯ ಡಾಕ್ಟರು ಬಂದು ಗಾಯ ನೋಡಿದರು. ಇನ್ನೂ ಹತ್ತು ದಿನ ನೋಡುವ, ಆಮೇಲೆ ಕಾಲಿನ ಬಗ್ಗೆ ಮಾತಾಡುವ ಎಂದರು. 'ಕಾಲಿನ ಬಗ್ಗೆ' ಎಂಬ ಮಾತಿನ ಅರ್ಥ ನನಗೆ ತಕ್ಷಣ ಆಗಲಿಲ್ಲ. ಅವರು ಹೋದ ಮೇಲೆ ಮಾಂಯ್ ಹೊದಿಕೆಯ ಮೇಲಿಂದಲೇ ನನ್ನ ಎಡಪಾದವನ್ನು ಹಿಡಿದುಕೊಂಡು ಕುಳಿತಳು. ಊಟದ ತಟ್ಟೆ ಬಂದರೂ ಕೈ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ "ಮನೆಗೆ ಹೋಗಿ ಬರ್ತೇನೆ" ಎಂದು ಹೊರಟವಳು ಮನೆಗೆ ಹೋಗಲಿಲ್ಲ. ಬಸ್ಸು ಹಿಡಿದು ದೇರೆಬೈಲಿಗೆ, ಕಮಲಕ್ಕನ ಮನೆಗೆ ಹೋಗಿದ್ದಳು.

ಕಮಲಕ್ಕ ಮಾಂಯ್‌ಯ ವಾರ್ಡಿನಲ್ಲಿ ಆಯಾ ಆಗಿದ್ದವರು. ಅವರ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಹುಣ್ಣು, ಕೀವುಗಳಿಗೆ ಒಂದು ಗಿಡದ ಎಲೆ ಮತ್ತು ತೊಗಟೆಯ ಮದ್ದು ಗೊತ್ತು. ಹಿಂದೆ ರೋಗಿಗಳ ಕಡೆಯವರು ಕೇಳಿದರೆ ಗುಟ್ಟಾಗಿ ತಂದುಕೊಡುತ್ತಿದ್ದರಂತೆ. ಅದಕ್ಕಾಗಿ ಮಾಂಯ್ ಅವರನ್ನು ಎರಡು ಸಲ ಎಲ್ಲರೆದುರು ಬೈದಿದ್ದಳು. ಒಮ್ಮೆ ಮೇಲಿನವರಿಗೆ ದೂರು ಕೂಡ ಕೊಟ್ಟಿದ್ದಳು. ಅಂಥವರ ಮನೆಯ ಜಗಲಿಯಲ್ಲಿ ಹೋಗಿ ನಿಂತಾಗ ಆದ ಮಾತನ್ನು ಮಾಂಯ್ ನನಗೆ ಬಹಳ ತಡವಾಗಿ ಹೇಳಿದಳು.

"ಸಿಸ್ಟರ್, ನೀವಾ?" ಎಂದಿದ್ದರಂತೆ ಕಮಲಕ್ಕ. ಕುರ್ಚಿ ಹಾಕಿ, ನೀರು ಬೆಲ್ಲ ಕೊಟ್ಟು, ಎಲ್ಲ ಕೇಳಿದರು. ಹಳೆಯದೊಂದನ್ನೂ ಎತ್ತಲಿಲ್ಲ. ಒಣಗಿಸಿ ಪುಡಿ ಮಾಡಿದ್ದನ್ನು ಡಬ್ಬಿಯಲ್ಲಿ ತುಂಬಿಸಿ ಕೊಡುವಾಗ ಒಂದು ಮಾತು ಹೇಳಿದರು: "ಸಿಸ್ಟರ್, ಡಾಕ್ಟ್ರ ಹತ್ರ ಹೇಳಿಯೇ ಕೊಡಿ. ಮೊದ್ಲು ನೀವೇ ನನಗೆ ಹೇಳಿದ್ದಲ್ವಾ, ಎರಡು ಮದ್ದು ಒಟ್ಟಿಗೆ ಹೋದ್ರೆ ಒಳಗೆ ಎಂತ ಆಗ್ತದೆ ಅಂತ ಯಾರಿಗೂ ಗೊತ್ತಾಗುದಿಲ್ಲ ಅಂತ."

ಆ ಗಿಡದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದಿ ಯಾರೂ ಹುಡುಕಿಕೊಂಡು ಹೋಗಬಾರದು.

ಮಾಂಯ್ ಫ್ಲಾಸ್ಕಿನಲ್ಲಿ ಕಷಾಯ ತಂದಳು. ಕಪ್ಪಗೆ, ಕಹಿಯಾಗಿ, ಬಾಯಿ ಒಗರಾಗುವಂಥದ್ದು. "ಇದೆಂತ?" ಎಂದು ಕೇಳಿದೆ. ಸುಳ್ಳು ಹೇಳಲಿಲ್ಲ. ಕಮಲಕ್ಕನ ಮದ್ದು ಎಂದಳು. ನಾನು ಅವಳ ಮುಖ ನೋಡಿದೆ. ಬಚ್ಚಲಿಗೆ ಕಷಾಯ ಸುರಿಯುತ್ತಿದ್ದ ಹೆಂಗಸು ಈಗ ಎರಡೂ ಕೈಯಲ್ಲಿ ಲೋಟ ಹಿಡಿದು ನನ್ನ ಬಾಯಿಗೆ ಒಡ್ಡಿ ನಿಂತಿದ್ದಳು. ನಾನು ಕುಡಿದೆ. ಅವಳ ಸಮಾಧಾನಕ್ಕೆಂದು ಕುಡಿದೆ ಎಂದರೆ ಅರ್ಧ ಸತ್ಯ. ನನಗೂ ಆಸೆ ಇತ್ತು. ಕಾಲು ಉಳಿಸುತ್ತೇನೆ ಎಂದು ಯಾರು ಏನು ಕೊಟ್ಟಿದ್ದರೂ ಆ ದಿನ ಕುಡಿಯುತ್ತಿದ್ದೆ.

ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಒಂದು ಕಡೆ ಡ್ರಿಪ್ಪಿನ ಹನಿ, ಇನ್ನೊಂದು ಕಡೆ ಕಷಾಯ. ಮೂರನೆಯ ದಿನ ಡಾಕ್ಟರ್ ಶ್ರೀಲತಾ ರೌಂಡ್ಸಿಗೆ ಬಂದಾಗ ಎಂದಿನಂತೆ ಕೇಳಿದರು: "ನಾವು ಕೊಡುದು ಬಿಟ್ಟು ಬೇರೆ ಎಂತಾದ್ರೂ ತಗೊಳ್ತಿದ್ದೀರಾ ಟೀಚರ್? ಮಾತ್ರೆ, ಕಷಾಯ?"

"ಇಲ್ಲ," ಎಂದೆ.

ಮಾಂಯ್ ಕಿಟಕಿಯ ಹತ್ತಿರ ಬಟ್ಟೆ ಮಡಚುತ್ತಿದ್ದಳು. ತಿರುಗಿ ನೋಡಲಿಲ್ಲ. ಡಾಕ್ಟರ್ ಹೋದ ಮೇಲೂ ಆ ವಿಷಯ ನಾವು ಮಾತಾಡಲಿಲ್ಲ.

ಅದಾಗಿ ಎರಡು ದಿನಕ್ಕೆ ಹಸಿರು ಕಡಿಮೆಯಾಯಿತು. ಜ್ವರ ಇಳಿಯಿತು. ಗಾಯದ ಅಂಚಿನಲ್ಲಿ ಕೆಂಪು ಮಾಂಸ ಕಾಣಿಸಿತು. ಅದು ಹೊಸ ಮಾಂಸ, ಒಳ್ಳೆಯ ಸೂಚನೆ ಎಂದು ಡಾಕ್ಟರ್ ಮೊದಲ ಸಲ ನಕ್ಕರು. ಕಂಬಿಗಳ ಕೆಳಗೆ ಕಾಲಿನ ಹೆಬ್ಬೆರಳನ್ನು ಆಡಿಸಿ ತೋರಿಸಿದೆ. ಮಾಂಯ್ ಆ ಸಂಜೆ ಆಸ್ಪತ್ರೆಯ ಕ್ಯಾಂಟೀನಿನಿಂದ ಬನ್ಸ್ ತಂದಳು. ಇಬ್ಬರೂ ಬಹಳ ದಿನಗಳ ನಂತರ ರುಚಿ ನೋಡಿ ತಿಂದೆವು. ಹೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದು ನನಗೆ ಅನಿಸಿತ್ತು. ಹಾಗೆ ಅನಿಸಿದ್ದು ನೆನಪಿದೆ.

ಕಷಾಯ ಶುರುವಾದ ಹನ್ನೊಂದನೆಯ ದಿನ ಬೆಳಿಗ್ಗೆ ಕನ್ನಡಿಯಲ್ಲಿ ನನ್ನ ಮುಖ ಊದಿತ್ತು. ಮೂತ್ರ ಹೋಗುವುದು ತೀರ ಕಡಿಮೆಯಾಗಿತ್ತು. ಹಿಂದಿನ ದಿನದ ರಕ್ತದ ವರದಿಯಲ್ಲಿ ಕಿಡ್ನಿಯ ಸೂಚ್ಯಂಕ ಒಮ್ಮೆಲೇ ಏರಿತ್ತು. ಡಾಕ್ಟರ್ ಶ್ರೀಲತಾ ಎರಡೆರಡು ಸಲ ಓದಿದರು. "ಡೋಸ್ ಸರಿಯಾಗಿಯೇ ಉಂಟು. ಇಷ್ಟು ಬೇಗ ಹೀಗೆ ಏರ್ಬಾರ್ದು," ಎಂದರು. ಅವರು ನನಗಲ್ಲ, ತಮಗೇ ಹೇಳಿಕೊಳ್ಳುತ್ತಿದ್ದರು. ಮದ್ದು ನಿಲ್ಲಿಸಿದರು. ಡ್ರಿಪ್ಪಿನ ಚೀಲವನ್ನು ಕಂಬದಿಂದ ಬಿಚ್ಚಿಕೊಂಡು ನರ್ಸ್ ಹೋಗುವುದನ್ನು ಮಾಂಯ್ ಬಾಗಿಲವರೆಗೂ ನೋಡಿದಳು. ಆ ಚೀಲದಲ್ಲಿದ್ದದ್ದು ವರದಿಯ ಆ ಒಂದೇ ಎಸ್.

ಕಷಾಯವೂ ಅವತ್ತೇ ನಿಂತಿತು. ನಾನು ಕೇಳಲಿಲ್ಲ, ಅವಳು ಕೊಡಲಿಲ್ಲ. ಮೂರು ದಿನಗಳಲ್ಲಿ ಜ್ವರ ಮತ್ತೆ ಏರಿತು. ಈ ಸಲ ನಡುಕದೊಂದಿಗೆ. ಎರಡು ಬಾರಿ ಡಯಾಲಿಸಿಸ್ ಮಾಡಿದರು. ಎರಡನೆಯ ಸಲ ಯಂತ್ರದ ಪಕ್ಕ ಮಲಗಿದ್ದಾಗ ಬಾಗಿಲಿನ ಗಾಜಿನಿಂದಾಚೆ ಮಾಂಯ್ ಮತ್ತು ಡಾಕ್ಟರ್ ನಿಂತಿರುವುದು ಕಾಣಿಸಿತು. ಮಾಂಯ್ ಬ್ಯಾಗಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ಕೊಟ್ಟಳು. ಡಾಕ್ಟರ್ ಪುಟ ತಿರುಗಿಸುತ್ತಾ ನಿಂತಲ್ಲೇ ಓದಿದರು.

ಅದರಲ್ಲಿ ಏನಿತ್ತು ಎಂದು ಆಮೇಲೆ ನಾನೂ ನೋಡಿದೆ. ತಾರೀಕು, ಗಂಟೆ, ಎಷ್ಟು ಚಮಚ ಪುಡಿ, ಎಷ್ಟು ನೀರು, ಎಷ್ಟು ಹೊತ್ತು ಕುದಿಸಿದ್ದು, ನಾನು ಕುಡಿದದ್ದೆಷ್ಟು, ಬಿಟ್ಟದ್ದೆಷ್ಟು. ಅದರ ಎದುರಿಗೆ ನನ್ನ ಜ್ವರ, ನಾಡಿ, ಮೂತ್ರದ ಅಳತೆ. ಯಾರಿಗೂ ಹೇಳದ ಕೆಲಸಕ್ಕೂ ಅವಳು ಚಾರ್ಟ್ ಬರೆದಿಟ್ಟಿದ್ದಳು. ನರ್ಸಿನ ಅಚ್ಚುಕಟ್ಟಾದ ಅಕ್ಷರಗಳಲ್ಲಿ, ಒಂದು ತಿದ್ದುಪಡಿಯೂ ಇಲ್ಲದೆ.

ಡಾಕ್ಟರ್ ಬೈಯಲಿಲ್ಲ. ನನ್ನ ಹತ್ತಿರ ಬಂದು, "ಟೀಚರ್, ಹೇಳ್ಬಹುದಿತ್ತು," ಎಂದರು, ಅಷ್ಟೆ. ಬೈದಿದ್ದರೆ ಒಳ್ಳೆಯದಿತ್ತು.

ಕಿಡ್ನಿ ಸುಧಾರಿಸಲು ಸಮಯ ಬೇಕಿತ್ತು. ಕಾಲಿಗೆ ಸಮಯ ಇರಲಿಲ್ಲ. ಕ್ರಿಮಿ ರಕ್ತಕ್ಕೆ ಇಳಿದಿತ್ತು. ಇನ್ನು ಕಾಲಲ್ಲ, ಜೀವದ ಪ್ರಶ್ನೆ ಎಂದರು. ಒಪ್ಪಿಗೆಯ ಪತ್ರಕ್ಕೆ ನಾನು ಸಹಿ ಹಾಕಿದೆ. ಸಾಕ್ಷಿಯ ಜಾಗದಲ್ಲಿ ಮಾಂಯ್ ಹಾಕಿದಳು. ಪೆನ್ನು ಬರೆಯಲಿಲ್ಲ. ಹಾಳೆಯ ಅಂಚಿನಲ್ಲಿ ಗೀಚಿ ನೋಡಿ, ಮತ್ತೆ ಸಹಿ ಮಾಡಿದಳು. ನನ್ನನ್ನು ಸ್ಟ್ರೆಚರಿಗೆ ಹಾಕಿದಾಗ ಅವಳು ಎಡಪಾದದ ಉಗುರುಗಳನ್ನು ನೋಡಿ, "ಕತ್ತರಿಸಿ ಕೊಡ್ಬೇಕಿತ್ತು, ಉದ್ದ ಆಗಿದೆ," ಎಂದಳು. ಏನು ಹೇಳುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಆಮೇಲಿನ ತಿಂಗಳುಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಇಲ್ಲದ ಪಾದ ತುರಿಸುತ್ತಿತ್ತು. ಬೆಳಿಗ್ಗೆ ಎದ್ದವಳೇ ಮರೆತು ಎಡಗಾಲು ನೆಲಕ್ಕೆ ಇಡಲು ಹೋಗಿ ಎರಡು ಸಲ ಬಿದ್ದೆ. ಕಿಡ್ನಿ ನಿಧಾನವಾಗಿ ಸರಿಯಾಯಿತು, ಪೂರ್ತಿ ಅಲ್ಲ. ಶಾಲೆಯಲ್ಲಿ ನನ್ನ ತರಗತಿಗಳನ್ನೆಲ್ಲ ಕೆಳಗಿನ ಮಹಡಿಗೆ ಇಳಿಸಿಕೊಟ್ಟರು. ಮೊದಲ ದಿನ ಮಕ್ಕಳು ನನ್ನ ಕಾಲು ನೋಡಬಾರದೆಂದು ಎಷ್ಟು ಕಷ್ಟಪಟ್ಟು ಕರಿಹಲಗೆಯನ್ನೇ ನೋಡುತ್ತಿದ್ದರೆಂದರೆ, ಕೊನೆಗೆ ನಾನೇ "ನೋಡಿ, ನೋಡಿ ಮುಗಿಸಿ, ಆಮೇಲೆ ಪಾಠ" ಎಂದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು "ನೋವುಂಟಾ ಟೀಚರ್?" ಎಂದು ಕೇಳಿದಳು. "ಉಂಟು" ಎಂದೆ. ಅಷ್ಟು ನೇರವಾಗಿ ಅದುವರೆಗೆ ಯಾರೂ ಕೇಳಿರಲಿಲ್ಲ.

ಮಾಂಯ್ ಮಾತ್ರ ಮಾತು ಬಿಟ್ಟಿದ್ದಳು. ಕೆಲಸಗಳೆಲ್ಲ ನಡೆಯುತ್ತಿದ್ದವು. ಅಡುಗೆ, ನನ್ನ ಕಾಲಿಗೆ ಬಟ್ಟೆ ಸುತ್ತುವುದು, ಭಾನುವಾರದ ಪೂಜೆ. ಆದರೆ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪರಮಪ್ರಸಾದ ಸ್ವೀಕರಿಸಲು ಏಳುತ್ತಿರಲಿಲ್ಲ; ಪಾಪ ಹೊತ್ತವರು ಅದನ್ನು ಮುಟ್ಟಬಾರದೆಂಬುದು ನಮ್ಮ ನಂಬಿಕೆ. ನಾನು ಊರುಗೋಲು ಹಿಡಿದು ಸಾಲಿನಲ್ಲಿ ಹೋಗಿ ಬರುವಾಗ ಅವಳು ಬೆಂಚಿನಲ್ಲೇ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಕಮಲಕ್ಕ ಒಂದು ಸಲ ನೋಡಲು ಬಂದರು. ಮಾಂಯ್ ಒಳಗಿನಿಂದ ಹೊರಗೆ ಬರಲಿಲ್ಲ. ಕಮಲಕ್ಕ ನನ್ನ ಹತ್ತಿರವೇ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನು ಕೊಡ್ಬಾರ್ದಿತ್ತು ಟೀಚರ್," ಎಂದು ಹೇಳಿ ಹೋದರು. ಅವರ ತಪ್ಪಿಲ್ಲವೆಂದು ನಾನು ಹೇಳಿದೆ. ಕೇಳಿಸಿತೋ ಇಲ್ಲವೋ.

ಇದರ ನಡುವೆ ಡಾಕ್ಟರ್ ಶ್ರೀಲತಾ ನನ್ನ ಅನುಮತಿ ಕೇಳಿ ಒಂದು ಕೆಲಸ ಮಾಡಿದ್ದರು. ನನ್ನ ಗಾಯದಿಂದ ತೆಗೆದ ಕ್ರಿಮಿಯನ್ನು ಲ್ಯಾಬಿನಲ್ಲಿ ಉಳಿಸಿದ್ದರು. ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನೂ ಅದನ್ನೂ ತಮ್ಮ ಪರಿಚಯದ ಕಾಲೇಜು ಅಧ್ಯಾಪಕಿಯೊಬ್ಬರಿಗೆ ಕಳಿಸಿದ್ದರು. ಗಿಡಗಳ ಸಾರವನ್ನು ಆ್ಯಂಟಿಬಯೋಟಿಕ್ ಜೊತೆ ಸೇರಿಸಿ ಕ್ರಿಮಿಯ ಮೇಲೆ ಪರೀಕ್ಷೆ ಮಾಡುವವರು ಅವರು. ಸುಮಾರು ಆರು ತಿಂಗಳ ಮೇಲೆ ತಪಾಸಣೆಗೆ ಹೋದಾಗ ಡಾಕ್ಟರ್ ಒಂದು ಲಕೋಟೆ ತೆಗೆದರು. ಕೊಡುವ ಮೊದಲು ನನ್ನನ್ನೊಬ್ಬಳನ್ನೇ ಒಳಗೆ ಕರೆದು, "ಅಮ್ಮನಿಗೆ ತೋರಿಸ್ಬೇಕಾ ಬೇಡ್ವಾ, ನೀವು ಹೇಳಿ," ಎಂದರು.

ನಾನು ಮಾಂಯ್‌ಯನ್ನು ಒಳಗೆ ಕರೆದೆ. ಮುಚ್ಚಿಟ್ಟದ್ದು ಸಾಕಾಗಿತ್ತು.

ಲಕೋಟೆಯಲ್ಲಿ ಮೂರು ಫೋಟೋಗಳು ಇದ್ದವು. ಗಾಜಿನ ದುಂಡು ತಟ್ಟೆಗಳು, ಅವುಗಳಲ್ಲಿ ಹಸಿರು ಮಿಶ್ರಿತ ಪೊರೆಯಾಗಿ ಬೆಳೆದ ನನ್ನದೇ ಕ್ರಿಮಿ. ಒಂದರ ನಡುವೆ ಮದ್ದು ಹಾಕಿದಲ್ಲಿ ಸುತ್ತ ಒಂದು ಸಣ್ಣ ಖಾಲಿ ಉಂಗುರ, ಅಂದರೆ ಅಷ್ಟು ಜಾಗದಲ್ಲಿ ಕ್ರಿಮಿ ಬೆಳೆದಿಲ್ಲ. ಇನ್ನೊಂದರಲ್ಲಿ ಬರೀ ಗಿಡದ ಸಾರ, ಉಂಗುರವೇ ಇಲ್ಲ. ಮೂರನೆಯದರಲ್ಲಿ ಎರಡನ್ನೂ ಸೇರಿಸಿದ್ದರು. ಅಲ್ಲಿ ಉಂಗುರ ಎಷ್ಟು ದೊಡ್ಡದಿತ್ತೆಂದರೆ ತಟ್ಟೆಯ ಅರ್ಧಭಾಗ ಖಾಲಿಯಾಗಿ ಹೊಳೆಯುತ್ತಿತ್ತು.

ಮಾಂಯ್ ಮೂರನೆಯ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ತಟ್ಟೆ," ಎಂದರು ಡಾಕ್ಟರ್ ಮೆಲ್ಲಗೆ. "ತಟ್ಟೆಗೆ ಕಿಡ್ನಿ ಇಲ್ಲ, ಲಿವರ್ ಇಲ್ಲ. ಇದರಿಂದ ಮನುಷ್ಯರಿಗೆ ಮದ್ದು ಆಗ್ಲಿಕ್ಕೆ ಎಷ್ಟು ವರ್ಷ ಬೇಕೋ, ಆಗ್ತದೋ ಇಲ್ವೋ. ಟೀಚರ್ ಕಿಡ್ನಿ ಹಾಳಾದದ್ದು ಗಿಡದಿಂದಲಾ, ನಮ್ಮ ಮದ್ದಿನಿಂದಲಾ, ಎರಡೂ ಸೇರಿಯಾ, ನನಗೆ ಹೇಳ್ಲಿಕ್ಕೆ ಆಗುದಿಲ್ಲ."

"ಅವತ್ತೇ ಹೇಳಿದ್ರೆ?" ಮಾಂಯ್ ಕೇಳಿದಳು. ಅಲ್ಲಿ ಅವಳು ಕೇಳಿದ್ದು ಅದೊಂದನ್ನೇ.

ಡಾಕ್ಟರ್ ತಪ್ಪಿಸಿಕೊಳ್ಳಲಿಲ್ಲ. "ಕಷಾಯ ನಿಲ್ಲಿಸಿ ಅಂತಿದ್ದೆ. ದಿನಾ ರಕ್ತ ನೋಡ್ತಿದ್ದೆ. ಮೊದಲೇ ಗೊತ್ತಾಗ್ತಿತ್ತು. ಮದ್ದು ಪೂರ್ತಿ ನಿಲ್ಲಿಸ್ಲಿಕ್ಕೆ ಇರ್ಲಿಲ್ಲವೋ ಏನೋ. ಕಾಲು ಉಳೀತಿತ್ತು ಅಂತ ನಾನು ಹೇಳುದಿಲ್ಲ ಅಮ್ಮ. ಒಂದು ಅವಕಾಶ ಇತ್ತು."

ಆಟೋದಲ್ಲಿ ಮಾಂಯ್ ಲಕೋಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮನೆಗೆ ಬಂದಳು. ಊಟದ ಮೇಜಿನ ಮೇಲೆ ಫೋಟೋಗಳನ್ನು ಸಾಲಾಗಿ ಇಟ್ಟು, ಕನ್ನಡಕ ಹಾಕಿಕೊಂಡು ಕೂತಳು.

"ಹಾಗಾದ್ರೆ ಮದ್ದು ಕೆಲಸ ಮಾಡ್ತಿತ್ತು," ಎಂದಳು.

"ಹೌದು."

"ಗಿಡವೂ ಸುಳ್ಳಲ್ಲ."

"ಅಲ್ಲ ಮಾಂಯ್."

"ಹೇಳಿದ್ರೆ ಆಗ್ತಿತ್ತು. ಅಷ್ಟೇ ಇದ್ದದ್ದು."

"ಡಾಕ್ಟ್ರು ಕೇಳಿದ್ದು ನನ್ನ ಹತ್ರ," ಎಂದೆ. "ಇಲ್ಲ ಅಂತ ಹೇಳಿದ್ದು ನಾನು. ನೀನಲ್ಲ."

ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು. ಆ ತಿಂಗಳುಗಳಲ್ಲಿ ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು.

"ನೀನು ಪೇಶೆಂಟ್, ಮಗಳೇ. ಪೇಶೆಂಟ್ ಹೆದರಿಕೆಯಲ್ಲಿ ಸುಳ್ಳು ಹೇಳ್ತಾರೆ. ದಿನಾ ಕೇಳಿದ್ದೇನೆ ನಾನು. ಅದಕ್ಕೇ ಪಕ್ಕದಲ್ಲಿ ಒಬ್ಬಳು ನರ್ಸ್ ಇರುದು."

ಕ್ಷಮಿಸಿದ್ದೇನೆ ಎಂದು ಹೇಳೋಣವೆಂದು ಬಾಯಿಗೆ ಬಂತು. ಹಾಗೆ ಹೇಳಿದರೆ ತಪ್ಪು ಅವಳದೆಂದು ಒಪ್ಪಿದ ಹಾಗೆ ಆಗುತ್ತಿತ್ತು. ನಿನ್ನ ತಪ್ಪಿಲ್ಲ ಎಂದರೆ ಅವಳು ನಂಬುತ್ತಿರಲಿಲ್ಲ. ಎರಡನ್ನೂ ಬಿಟ್ಟು ಫೋಟೋಗಳನ್ನು ಲಕೋಟೆಗೆ ಹಾಕಿದೆ. ಅವಳು ಎದ್ದು ಗಂಜಿ ಬಡಿಸಿದಳು. ಇಬ್ಬರೂ ಉಂಡೆವು. ಆ ವಾರ ಒಂದು ಸಂಜೆ ಅವಳು ಒಬ್ಬಳೇ ದೇರೆಬೈಲಿಗೆ ಹೋಗಿ ಬಂದಳು. ಕಮಲಕ್ಕನ ಹತ್ತಿರ ಏನು ಹೇಳಿದಳೆಂದು ನಾನು ಕೇಳಲಿಲ್ಲ.

ಈಗ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತೇವೆ. ಅದೇ ಪ್ಲಾಸ್ಟಿಕ್ ಕುರ್ಚಿಗಳು. ಕಳೆದ ಸಲ ನಮ್ಮ ಪಕ್ಕದಲ್ಲಿ ಒಬ್ಬ ಹೆಂಗಸು ಗಂಡನ ಕಾಲಿನ ಹುಣ್ಣು ತೋರಿಸಲು ಬಂದಿದ್ದಳು. ಗಂಡ ಶೌಚಾಲಯಕ್ಕೆ ಹೋದಾಗ ಮಾಂಯ್‌ಯ ಕಡೆಗೆ ಬಾಗಿ ತುಳುವಿನಲ್ಲಿ ಪಿಸುಗುಟ್ಟಿದಳು: ಊರಿನ ಮದ್ದೂ ಕೊಡುತ್ತಿದ್ದೇನೆ, ಸ್ವಲ್ಪ ಗುಣ ಉಂಟು, ಇಲ್ಲಿಯ ಡಾಕ್ಟರಿಗೆ ಹೇಳಿದರೆ ಬೈಯುತ್ತಾರೆ.

ಮಾಂಯ್ ಈಗ ಯಾರಿಗೂ ಬುದ್ಧಿ ಹೇಳುವುದಿಲ್ಲ. ಅವತ್ತೂ ಹೇಳಲಿಲ್ಲ. ನನ್ನ ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿ ಕೃತಕ ಕಾಲು ತೋರಿಸಿದಳು.

"ಇವಳು ನನ್ನ ಮಗಳು," ಎಂದಳು ತುಳುವಿನಲ್ಲೇ. "ನಾನೂ ಹೇಳಿರಲಿಲ್ಲ."

ಆ ಹೆಂಗಸು ಕಾಲನ್ನು ನೋಡಿದಳು, ಮಾಂಯ್‌ಯನ್ನು ನೋಡಿದಳು, ಮಡಿಲಲ್ಲಿದ್ದ ಚೀಲವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಗಂಡ ಬಂದ. ಅವರ ನಂಬರ್ ಕರೆದರು. ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಅವಳು ಹೇಳಿದಳೋ ಇಲ್ಲವೋ ನಮಗೆ ತಿಳಿಯಲಿಲ್ಲ. ಮಾಂಯ್ ಬಹಳ ಹೊತ್ತು ಆ ಬಾಗಿಲನ್ನೇ ನೋಡುತ್ತಾ ಕುಳಿತಿದ್ದಳು.